ಅಣ್ಣನ ಮಗಳ ಕಣ್ಣು

ಅಣ್ಣನ ಮಗಳು ಓದುವಾಗ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದಳು. ಮೂರನೆಯ ಇಯತ್ತೆಯ ಹುಡುಗಿ. ಬ್ಯಾಡಗಿಯಲ್ಲಿ ಕಣ್ಣುಜ್ಜುವ ಮಕ್ಕಳನ್ನು ಯಾರೂ ತಿರುಗಿ ನೋಡುವುದಿಲ್ಲ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಊರಿಗೆ ಊರೇ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಓಡಾಡುತ್ತದೆ. ಶಾಲೆಯ ಅಕ್ಕೋರು ಅವಳನ್ನು ದಡ್ಡಿ ಎಂದು ಹಿಂದಿನ ಸಾಲಿಗೆ ಕಳಿಸಿಬಿಟ್ಟಿದ್ದರು. ಒಂದು ಸಂಜೆ ನಾನೇ ಕೇಳಿದೆ.

"ಯಾಕವ್ವಾ, ಓದೋವಾಗ ಕಣ್ಣ ಮುಚ್ಕೊಂತಿ?"

"ಎರಡೂ ಕಣ್ಣ ತಗದ್ರ ಅಕ್ಷರ ಎರಡೆರಡ ಆಗ್ತಾವ ಅತ್ತಿ. ಒಂದರ ಮ್ಯಾಲ ಒಂದ ಹತ್ತಿ ಕುಂದರ್ತಾವ."

ಅವಳ ಗದ್ದ ಹಿಡಿದು ದೀಪದ ಕಡೆ ತಿರುಗಿಸಿದೆ. ನನ್ನ ಬೆರಳನ್ನು ಹತ್ತಿರ ತಂದಂತೆ ಬಲಗಣ್ಣು ಬೆರಳ ಮೇಲೆ ನಿಂತಿತು. ಎಡಗಣ್ಣು ಸ್ವಲ್ಪ ಹೊತ್ತು ತಡೆದು, ಮೆಲ್ಲಗೆ ಕಿವಿಯ ಕಡೆಗೆ ಸರಿದುಹೋಯಿತು.

ನನ್ನದೂ ಮೆಳ್ಳಗಣ್ಣು. ಬಲಗಣ್ಣು ಹುಟ್ಟಿದಾಗಿನಿಂದ ಮೂಗಿನ ಕಡೆ ತಿರುಗಿದೆ. ನಮ್ಮಜ್ಜಿ ಅದನ್ನು ಅದೃಷ್ಟ ಎಂದಳು. "ಮೆಳ್ಳಗಣ್ಣಿನ ಹುಡುಗಿ ಇದ್ದ ಮನ್ಯಾಗ ಲಕ್ಷ್ಮಿ ಕಾಲ ಮುರಕೊಂಡ ಬಿದ್ದಿರ್ತಾಳ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಪ್ರತಿ ಸುಗ್ಗಿಯಲ್ಲಿ ಅಪ್ಪನ ದಲಾಲಿ ಅಂಗಡಿಯ ತಕ್ಕಡಿಗೆ ಮೊದಲ ಹಿಡಿ ಮೆಣಸಿನಕಾಯಿಯನ್ನು ನನ್ನ ಕೈಯಿಂದಲೇ ಹಾಕಿಸುತ್ತಿದ್ದರು. ವ್ಯಾಪಾರ ಬೆಳೆಯಿತು. ಅದೃಷ್ಟಕ್ಕೆ ಯಾರಾದರೂ ಔಷಧ ಮಾಡುತ್ತಾರೆಯೇ? ನನ್ನನ್ನು ಒಬ್ಬ ಡಾಕ್ಟರಿಗೂ ತೋರಿಸಲಿಲ್ಲ. ಮುಂದೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, "ಹುಡುಗಿ ಯಾರನ್ನ ನೋಡಾಕತ್ತಾಳ?" ಎಂದು ನಕ್ಕು ಎದ್ದು ಹೋದರು. ಆಮೇಲೆ ಬರುವುದನ್ನೇ ಬಿಟ್ಟರು. ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕೆ ಸೇರಿದೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಅಣ್ಣನ ಮನೆಗೆ ಮರಳುತ್ತೇನೆ.

ಹುಡುಗಿಯ ಕಣ್ಣಿನ ವಿಷಯ ಹೇಳಿದಾಗ ಅವಳವ್ವ, ನನ್ನ ವೈನಿ, ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಬಸರಿದ್ದಾಗ ಒಂಬತ್ತ ತಿಂಗಳ ದಿನಾ ಮುಂಜಾನೆದ್ದ ನಿನ್ನ ಮಾರೀನ ನೋಡೇನಲ್ಲಾ. ಮತ್ತೇನ ಆಕ್ಕೈತಿ?"

ಅಣ್ಣ ಕೇಳಿಸಿಕೊಂಡ. "ಸುಗ್ಗಿ ಮುಗೀಲಿ, ನೋಡೋಣು" ಎಂದು ಅಂಗಡಿಗೆ ಹೊರಟುಹೋದ.

ನಾನು ಕಾಯಲಿಲ್ಲ. ರಜೆ ಹಾಕಿ ಹುಡುಗಿಯನ್ನು ಹಾವೇರಿಗೆ ಕರೆದೊಯ್ದೆ. ಕಣ್ಣಿನ ಡಾಕ್ಟರು ಕೋಣೆಯಿಂದ ಹೊರಗೆ ಬಂದವರೇ ನನ್ನ ಮುಖ ನೋಡಿ, "ಬರ್ರಿ, ಎಷ್ಟ ವರ್ಷದಿಂದ ಹಿಂಗೈತಿ?" ಎಂದರು. "ನನಗಲ್ರಿ, ಈ ಹುಡುಗಿಗೆ" ಎಂದೆ. ಕಾಯುತ್ತ ಕುಳಿತಿದ್ದ ಹೆಂಗಸರೆಲ್ಲ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ತಾಯಿ ಮಗಳು ಎಂದುಕೊಂಡಿರಬೇಕು.

ಬೇರೆಬೇರೆಯಾಗಿ ನೋಡಿದರೆ ಅವಳ ಎರಡೂ ಕಣ್ಣು ಚೆನ್ನಾಗಿಯೇ ಇದ್ದವು. ಹತ್ತಿರದ ವಸ್ತುವಿನ ಮೇಲೆ ಎರಡೂ ಒಟ್ಟಿಗೆ ಬಂದು ನಿಲ್ಲುತ್ತಿರಲಿಲ್ಲ, ಅಷ್ಟೇ. ಎಲ್ಲ ಥರದ ಮೆಳ್ಳಗಣ್ಣಿಗೂ ವ್ಯಾಯಾಮ ನಾಟುವುದಿಲ್ಲ, ಇವಳದು ನಾಟುವಂಥದ್ದು ಎಂದರು ಡಾಕ್ಟರು. ಅದನ್ನು ಕಲಿಸುವ ಹೆಣ್ಣುಮಗಳೊಬ್ಬರು ರಾಣೆಬೆನ್ನೂರಿನಲ್ಲಿದ್ದರು. ಶನಿವಾರ ನನಗೆ ರಜೆ; ಅವಳ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗುವುದು, ಉಳಿದ ದಿನ ಮನೆಯಲ್ಲಿ ಮಾಡುವುದು ಎಂದು ನಿಗದಿಯಾಯಿತು.

ವ್ಯಾಯಾಮ ನೋಡುವವರಿಗೆ ಆಟದಂತೆ ಕಾಣುತ್ತದೆ. ಪೆನ್ಸಿಲ್ಲಿನ ತುದಿಯನ್ನೇ ನೋಡುತ್ತ ಅದನ್ನು ಮೂಗಿನ ಹತ್ತಿರ ತರಬೇಕು, ಅದು ಎರಡಾಗಿ ಒಡೆದರೆ ಮತ್ತೆ ಒಂದಾಗಿಸಬೇಕು. ಇನ್ನೊಂದು, ಮೂರು ಬಣ್ಣದ ಮಣಿ ಪೋಣಿಸಿದ ಉದ್ದ ದಾರ. ಅದರ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಮೂಗಿಗೆ ಹಿಡಿದು, ದೂರದ ಮಣಿಯಿಂದ ಹತ್ತಿರದ ಮಣಿಗೆ ನೋಟ ಜಿಗಿಸಬೇಕು. ಹುಡುಗಿಗೆ ತಲೆ ನೋಯುತ್ತಿತ್ತು, ಅಳುತ್ತಿದ್ದಳು. ಕಂಪನಿಯಲ್ಲಿ ದಿನವೆಲ್ಲ ನಿಂತು ಬಂದ ನಾನು ಅವಳನ್ನು ರಮಿಸಿ, ಗದರಿಸಿ ಮಾಡಿಸುತ್ತಿದ್ದೆ. ಮನೆಗೆ ಯಾರಾದರೂ ಬಂದರೆ ವೈನಿ ಮೊದಲು ಆ ದಾರವನ್ನು ಬಿಚ್ಚಿ ಬಚ್ಚಿಡುತ್ತಿದ್ದಳು.

ಒಂದು ದಿನ ಹುಡುಗಿ ಕುಣಿಯುತ್ತ ಕರೆದಳು. "ಅತ್ತಿ, ನಡುವಿನ ಮಣಿ ನೋಡಿದ್ರ ದಾರ ಎರಡಾಗಿ ಬಂದ ಅಲ್ಲೇ ಕೂಡ್ತಾವ! ಗುಣಾಕಾರದ ಗುರ್ತಿನಂಗ! ನೀನೂ ನೋಡ."

ದಾರವನ್ನು ಮೂಗಿಗೆ ಹಿಡಿದು ಕುಳಿತೆ. ಕೆಂಪು ಮಣಿ ನೋಡಿದೆ, ಹಸಿರು ಮಣಿ ನೋಡಿದೆ. ಒಂದೇ ದಾರ. "ಕಾಣಿಸ್ತ?" ಎಂದಳು. "ಹೂಂ" ಎಂದೆ.

ನನಗೆ ಒಂದೇ ದಾರ ಕಂಡದ್ದನ್ನು ಶನಿವಾರ ವ್ಯಾಯಾಮ ಕಲಿಸುವ ಆ ಹೆಣ್ಣುಮಗಳಿಗೆ ಹೇಳಿದೆ. ಅವರು ನನ್ನ ಕಣ್ಣನ್ನೂ ಪರೀಕ್ಷಿಸಿದರು.

"ಎರಡ ಚಿತ್ರ ಬರೋದನ್ನ ತಪ್ಪಸಾಕ ನಿಮ್ಮ ಮೆದುಳು ಸಣ್ಣವರಿದ್ದಾಗ್ಲೇ ಬಲಗಣ್ಣ ಬಂದ್ ಮಾಡೇತ್ರಿ. ಒಂದ ಕಣ್ಣಿಲೆ ದೂರ, ಎತ್ತರದ ಅಂದಾಜ ಸರಿ ಸಿಗಂಗಿಲ್ಲ. ಎಳೇ ವಯಸ್ಸಿನಾಗ ತೋರಿಸಿದ್ರ ಎಷ್ಟೋ ಸುಧಾರಸ್ತಿತ್ತು. ಈಗ ಆಪರೇಷನ್ ಮಾಡಿ ನೆಟ್ಟಗ ಕಾಣೂಹಂಗ ಮಾಡಬಹುದು. ಆ ಕಣ್ಣಿನ ನೋಟ ಬರೋದು ಕಷ್ಟರಿ."

ಚಹಾ ಬಸಿಯುವಾಗ ಕಪ್ಪಿನ ಹೊರಗೆ ಸುರಿಯುತ್ತಿದ್ದುದು, ಮೆಟ್ಟಿಲ ಎತ್ತರ ತಿಳಿಯದೆ ಮುಗ್ಗರಿಸುತ್ತಿದ್ದುದು, ಸೂಜಿಗೆ ದಾರ ಪೋಣಿಸಲಾಗದೆ ಅವ್ವನ ಕೈಯಲ್ಲಿ ಬೈಸಿಕೊಂಡದ್ದು, ಎಲ್ಲಕ್ಕೂ ಅರ್ಧ ಗಳಿಗೆಯಲ್ಲಿ ಉತ್ತರ ಸಿಕ್ಕಿತ್ತು. ಉತ್ತರದಿಂದ ಸಮಾಧಾನವೇನೂ ಆಗಲಿಲ್ಲ. ಬಸ್ಸಿನಲ್ಲಿ ಹುಡುಗಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ನಾನು ಸತ್ತುಹೋದ ಅಜ್ಜಿಯನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ನನ್ನ ಕಣ್ಣಿನ ಅದೃಷ್ಟವನ್ನು ಮನೆಯವರೆಲ್ಲ ಉಂಡು ತೇಗಿದ್ದರು.

ಆಪರೇಷನ್ ಮಾಡಿಸಿಕೊಳ್ಳಲೇ ಎಂದು ಅಣ್ಣನನ್ನು ಕೇಳಿದೆ. "ಈ ವಯಸ್ಸಿನಾಗ ನಿನ್ನ ಯಾರ ನೋಡಬೇಕಾಗೇತಿ?" ಎಂದ. ಸಿಟ್ಟಿನಿಂದಲ್ಲ, ಪೇಪರು ಓದುತ್ತ ಸಹಜವಾಗಿ ಅಂದ. ನನ್ನ ಸಂಬಳದಲ್ಲೇ ಮಾಡಿಸಿಕೊಳ್ಳಬಹುದಿತ್ತು. ಆ ಮಾತು ಕೇಳಿದ ಮೇಲೆ ಮನಸ್ಸೇ ಏಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗಿ ಅಂಗೈ ಮುಚ್ಚದೆ ಪುಟ ಪೂರ್ತಿ ಓದತೊಡಗಿದಳು. ಹಾವೇರಿಯ ಡಾಕ್ಟರು ಪರೀಕ್ಷಿಸಿ ಅವಳ ಬೆನ್ನು ತಟ್ಟಿದರು. ಅಕ್ಕೋರು ಮುಂದಿನ ಸಾಲಿಗೆ ಕರೆದು ಕೂರಿಸಿಕೊಂಡರು. ವೈನಿ ಅವಳನ್ನು ದೇವರಗುಡ್ಡಕ್ಕೆ ಕರೆದೊಯ್ದು, ಹಣೆಗೆ ಭಂಡಾರ ಹಚ್ಚಿಸಿಕೊಂಡು ಬಂದು, ಓಣಿಗೆಲ್ಲ ಹೇಳಿದಳು: "ನಾ ಬೇಡ್ಕೊಂಡಿದ್ನಿ, ಮೈಲಾರಪ್ಪ ನೆಟ್ಟಗ ಮಾಡಿದ." ಪಕ್ಕದ ಮನೆಯವರು ನನ್ನೆದುರೇ ಕೈ ಮುಗಿದರು. ದೇವರ ಮೇಲೆ ನನಗೆ ತಕರಾರಿರಲಿಲ್ಲ. ಆದರೆ ಆ ಓಣಿಯಲ್ಲಿ ಒಬ್ಬರಾದರೂ, ಶನಿವಾರ ಆ ಹುಡುಗಿ ಯಾರ ಕೈ ಹಿಡಿದು ಬಸ್ ಹತ್ತುತ್ತಿದ್ದಳು ಎಂದು ಕೇಳಬಹುದಿತ್ತು.

ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಕಥೆಯೊಂದನ್ನು ಓದಲು ಅವಳನ್ನೇ ಆರಿಸಿದರು. ಮನೆಯಲ್ಲಿ ನನ್ನೆದುರು ಕೂತು ಓದಿ ತೋರಿಸುತ್ತಿದ್ದಳು, ತಪ್ಪಿದಲ್ಲಿ ನಾನು ತಿದ್ದುತ್ತಿದ್ದೆ. ಹಿಂದಿನ ಸಂಜೆ ನನ್ನ ಸೀರೆಗೆ ಇಸ್ತ್ರಿ ಮಾಡುತ್ತಿದ್ದಾಗ ಬಂದು ನಿಂತಳು.

"ಅತ್ತಿ, ನೀ ನಾಳೆ ಬರೋದ ಬ್ಯಾಡ."

"ಯಾಕ?"

"ನನ್ನ ಗೆಳತ್ಯಾರು ನಿನ್ನ ನೋಡಿ ನಗ್ತಾರ. ನನಗೂ ಮೊದಲ ಹಂಗ ಇತ್ತಂತ ಅವ್ರಿಗೆ ಗೊತ್ತಾಕ್ಕೈತಿ."

ಅಡುಗೆಮನೆಯಲ್ಲಿ ವೈನಿ ಸೌಟು ಆಡಿಸುವ ಸದ್ದು ನಿಂತಿತು. ಹುಡುಗಿಯನ್ನು ಗದರಿಸುತ್ತಾಳೇನೋ ಎಂದು ಕಾದೆ. ಸ್ವಲ್ಪ ಹೊತ್ತಿಗೆ ಸೌಟು ಮತ್ತೆ ಆಡತೊಡಗಿತು.

ನಾನು ಹೋಗಲಿಲ್ಲ. ಚೆನ್ನಾಗಿ ಓದಿದಳಂತೆ, ಬಹುಮಾನದ ಸ್ಟೀಲ್ ಡಬ್ಬಿ ತಂದಳು. ಈಗ ಕಣ್ಣಿನ ಪರೀಕ್ಷೆಗೆ ಅವಳನ್ನು ವೈನಿಯೇ ಹಾವೇರಿಗೆ ಕರೆದೊಯ್ಯುತ್ತಾಳೆ. ಕೂಸಿನ ಮಾತು, ಮನಸ್ಸಿಗೆ ಹಚ್ಚಿಕೋಬ್ಯಾಡ ಎಂದು ಕಂಪನಿಯ ಗೆಳತಿ ಹೇಳಿದಳು. ಹಚ್ಚಿಕೊಂಡಿದ್ದೇನೆ. ಅವಳು ಪಾಠ ಕೇಳಲು ಬಂದರೆ ಹೇಳಿಕೊಡುತ್ತೇನೆ, ಜಡೆ ಹಾಕು ಎಂದರೆ ಹಾಕುತ್ತೇನೆ. ಮೊದಲಿನಂತೆ ಎಳೆದು ಮುದ್ದಿಡಲು ಮಾತ್ರ ಕೈ ಮುಂದಾಗುವುದಿಲ್ಲ.