ಮೂರನೆಯ ಗಂಟೆಗೂ ಆರನೆಯ ಗಂಟೆಗೂ ನಡುವೆ

ಪ್ರಾಣೇಶನ ಮಡಿ ಅಡುಗೆಮನೆಯಲ್ಲಿ ಅಷ್ಟಕ್ಕಷ್ಟೇ. ಕಂಪ್ಯೂಟರಿನ ಮುಂದೆ ಮಾತ್ರ ಉಗ್ರ. ಸೇಡಂನಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಚಿಕ್ಕ ಕಚೇರಿ ಅವನದು. ಮಳೆ ಜೋರಾದರೆ ಹೊಳೆಯ ನೀರು ಎಲ್ಲೆಲ್ಲಿ ನುಗ್ಗೀತು ಎಂದು ಕಂಪ್ಯೂಟರಿನಲ್ಲೇ ನೀರು ಹರಿಸಿ ನೋಡಿ, ನಕ್ಷೆ ಮಾಡಿ ಪಂಚಾಯಿತಿಗಳಿಗೆ ಕೊಡುವುದು ಅಲ್ಲಿಯ ಕೆಲಸ. ಆ ಲೆಕ್ಕದಿಂದ ಹುಟ್ಟುವ ಫೈಲುಗಳಿಗೆಲ್ಲ ಹನ್ನೆರಡು ವರ್ಷದಿಂದ ಅವನೇ ಯಜಮಾನ. ಹೆಸರಿಲ್ಲದ ಫೈಲು ಕಂಡರೆ ಎಂಜಲೆಲೆ ಕಂಡವನಂತೆ ಮುಖ ಕಿವುಚುತ್ತಿದ್ದ. ಒಂದೇ ಹೆಸರಿನಲ್ಲಿ ಎರಡು ಫೈಲುಗಳು ಸಿಕ್ಕವೋ, ಅವತ್ತು ಊಟ ಸೇರುತ್ತಿರಲಿಲ್ಲ.

"ಮನಿ ಡಬ್ಬಿಗಳ ಮ್ಯಾಲೂ ಒಂದೀಟು ಹೆಸರು ಬರೀರಿ. ಸಾಸವಿ ಯಾವುದು, ಜೀರಗಿ ಯಾವುದು ನಿಮಗ ಇನ್ನೂ ಗೊತ್ತಾಗವಲ್ದು," ಎಂದು ಹೆಂಡತಿ ನರ್ಮದಾ ಕಾಡಿಸುತ್ತಿದ್ದಳು. ಆಗೆಲ್ಲ ಅವನು ನಗುತ್ತಿದ್ದ. ಈಗ ನಗುವುದಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ಕಾಗಿಣಾ ಹೊಳೆಯ ದಂಡೆಯ ದಂಡೋತಿ ಊರಿನ ಕೆಲಸ ಬಂತು. ಕಂಪ್ಯೂಟರು ನೀರನ್ನು ಕ್ಷಣಕ್ಷಣವೂ ಲೆಕ್ಕ ಹಾಕುತ್ತದೆ ನಿಜ, ಆದರೆ ನಾವು ಹೇಳಿದ ಹೊತ್ತಿನದನ್ನಷ್ಟೇ ಫೈಲಿಗೆ ಬರೆಯುತ್ತದೆ, ಉಳಿದದ್ದನ್ನು ಮರೆತುಬಿಡುತ್ತದೆ. ಹತ್ತು ನಿಮಿಷಕ್ಕೊಂದು ಬರೆಸಲು ಡಿಸ್ಕಿನಲ್ಲಿ ಜಾಗವಿರಲಿಲ್ಲ. ಹೊಸ ಡಿಸ್ಕು ಕೇಳಿದರೆ ಮಾಲೀಕ ಸುರೇಶಕುಮಾರ "ನೋಡೂಣ್ರಿ" ಎಂದಿದ್ದ. ಪ್ರಾಣೇಶ ಮೂರು ಗಂಟೆಗೊಂದು ಫೈಲು ಸಾಕೆಂದು ಒತ್ತಿದ.

ಮೂರನೆಯ ಗಂಟೆಯ ಫೈಲಿನಲ್ಲಿ ನೀರು ಹಳ್ಳದ ಓಣಿಯ ಮೇಲ್ತುದಿಯ ಮನೆಯ ಕಟ್ಟೆಗೆ ಬಂದು ನಿಂತಿತ್ತು. ಆರನೆಯದರಲ್ಲಿ ಇಳಿದುಹೋಗಿತ್ತು. ನಕ್ಷೆಯ ನೀಲಿ ಬಣ್ಣ ಆ ಕಟ್ಟೆಯಲ್ಲೇ ಮುಗಿಯಿತು. ಇಡೀ ಒಂದು ದಿನದ ಮಳೆಗೆ ಒಂಬತ್ತೇ ಫೈಲು, ಒಂಬತ್ತಕ್ಕೂ ಒಪ್ಪವಾದ ಹೆಸರು. ಅವತ್ತು ಅವನಿಗೆ ತನ್ನ ಬಗ್ಗೆ ಭಾರಿ ಹೆಮ್ಮೆಯಾಗಿತ್ತು, ಮುಚ್ಚಿಡುವುದೇಕೆ.

ಆ ಮನೆ ಚಂದಮ್ಮನದು. ಗಂಡ ಅಮೃತಪ್ಪ ಲಕ್ವಾ ಹೊಡೆದು ಮಂಚ ಹಿಡಿದು ಎರಡು ವರ್ಷವಾಗಿತ್ತು. ಭಾದ್ರಪದದಲ್ಲಿ ಮೇಲೆ ಚಂದ್ರಂಪಳ್ಳಿ ಕಡೆ ಮಳೆ ಹೊಯ್ದು ಕಾಗಿಣಾ ತುಂಬಿತು. ಹಳ್ಳದ ನೀರು ಹೊಳೆ ಸೇರಲು ದಾರಿ ಸಿಗದೆ ಊರಿನ ಕಡೆಗೇ ತಿರುಗಿತು. ನಕ್ಷೆಯಲ್ಲಿ ನೀಲಿ ಬಿದ್ದಿದ್ದ ಮನೆಗಳವರು ಬೆಳಿಗ್ಗೆಯೇ ಶಾಲೆಗೆ ಹೋಗಿ ಕುಳಿತಿದ್ದರು. ಚಂದಮ್ಮನಿಗೆ ಓದು ಬಾರದು. ಪಂಚಾಯಿತಿಯ ಗೋಡೆಯ ಮೇಲಿದ್ದ ನಕ್ಷೆಯಲ್ಲಿ ನೀಲಿ ತನ್ನ ಕಟ್ಟೆಯ ತನಕವಷ್ಟೇ ಇದೆಯೆಂದು ತಿಳಿದವರನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಗಂಡನ ಮಾತ್ರೆ ಮುಗಿದಿದ್ದರಿಂದ ಬಸ್ಸು ಹತ್ತಿ ಚಿತ್ತಾಪುರಕ್ಕೆ ಹೋದಳು. ಆರು ಗಂಟೆಗೆ ಮರಳಿದಾಗ ನೀರು ಬಂದೂ ಆಗಿತ್ತು, ಹೋಗಿಯೂ ಆಗಿತ್ತು. ಅಮೃತಪ್ಪ ಮಂಚದ ಮೇಲೆ ಕೆಸರಿನಲ್ಲಿ ತಣ್ಣಗಾಗಿದ್ದ.

ಸುದ್ದಿ ಸೇಡಂ ಮುಟ್ಟಿದ ಮೇಲೆ ಸುರೇಶಕುಮಾರ ಎಲ್ಲಿಂದಲೋ ಒಂದು ದೊಡ್ಡ ಡಿಸ್ಕು ಎರವಲು ತಂದ. ನಿಜವಾಗಿ ಸುರಿದ ಮಳೆಯ ಅಂಕಿ ಹಾಕಿ, ಹತ್ತು ನಿಮಿಷಕ್ಕೊಂದು ಫೈಲಿನಂತೆ ಪ್ರಾಣೇಶ ಮತ್ತೆ ನೀರು ಹರಿಸಿದ. ಚಂದಮ್ಮನ ಮನೆ ನೀಲಿಯಲ್ಲಿ ಮುಳುಗಿ ಎದ್ದಿತು.

"ಹಳೇದರ ಮ್ಯಾಲೇ ಇದನ್ನ ಹಾಕಿಬಿಡ್ರಿ. ಅದೇ ಹೆಸರು, ಅದೇ ಮೇ ತಿಂಗಳ ತಾರೀಖು," ಎಂದ ಸುರೇಶಕುಮಾರ. ಪ್ರಾಣೇಶ ಮಿಕಿಮಿಕಿ ನೋಡಿದಾಗ, "ಒಂದೇ ಹೆಸರಿನ್ಯಾಗ ಎರಡು ಫೈಲ್ ಇರಬಾರ್ದು ಅಂತ ನೀವೇ ಹೇಳ್ತಿದ್ರಲ್ರಿ?" ಎಂದು ಅವನ ಬಾಯಿ ಮುಚ್ಚಿಸಿದ.

ಪ್ರಾಣೇಶ ಹಾಕಿದ. ಪಂಚಾಯಿತಿಯ ಗೋಡೆಗೂ ಹೊಸ ನಕ್ಷೆ ಹೋಯಿತು. ಹಳೆಯದರ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಉಳಿಯಿತು. ಪ್ರಾಮಾಣಿಕತೆಯಿಂದಲ್ಲ, ಬರೀ ರೂಢಿಯಿಂದ.

ಅಲ್ಲಿಂದ ಆ ನಡುವಿನ ಹೊತ್ತು ಅವನನ್ನು ಹಿಡಿದುಕೊಂಡಿತು. ನರ್ಮದಾ ಒಳಗೆ ಹೋಗಿ ಹೊರಗೆ ಬಂದರೆ, "ನಡುವ ಏನು ಮಾಡಿದಿ?" ಎಂದು ಕೇಳುತ್ತಿದ್ದ. ಬಸ್ಸಿನಲ್ಲಿ ತೂಕಡಿಸಿ ಎಚ್ಚರವಾದರೆ, ತಾನು ನೋಡದೆ ಬಿಟ್ಟ ಆ ದಾರಿಯಲ್ಲಿ ಏನೇನಾಯಿತೆಂದು ಪಕ್ಕದವರನ್ನು ಕೇಳುತ್ತಿದ್ದ. ಮಧ್ಯಾಹ್ನ ಬುತ್ತಿ ಬಿಚ್ಚಿಟ್ಟುಕೊಂಡು ಆ ಫೈಲುಗಳನ್ನೇ ಒಂದೊಂದಾಗಿ ತೆರೆಯುತ್ತಿದ್ದ. ಪರದೆಯ ಮೇಲೆ ಚಂದಮ್ಮನ ಮನೆಯೆಂದರೆ ಎರಡು ಚೌಕ, ಅಷ್ಟೇ. ಮಂಚವಿಲ್ಲ, ಮನುಷ್ಯನಿಲ್ಲ, ಬರೀ ಬಣ್ಣ. ಆದರೂ ನಾಲ್ಕು ಐವತ್ತರ ಫೈಲು ತೆರೆದಾಗಲೆಲ್ಲ ಆ ಬಣ್ಣದೊಳಗೆ ಯಾರೋ ಏಳದ ಕೈಯನ್ನು ಎತ್ತಲು ಹೆಣಗಿದಂತೆ ಕಾಣುತ್ತಿತ್ತು. ಬುತ್ತಿ ಹಾಗೇ ಮನೆಗೆ ಮರಳುತ್ತಿತ್ತು.

ಕಾರ್ತಿಕದಲ್ಲಿ ಗೋಡೆಗಳ ಮೇಲಿನ ಕೆಸರಿನ ಗುರುತು ಅಳೆಯಲು ಅವನನ್ನೇ ಕಳಿಸಿದರು. ಚಂದಮ್ಮನ ಮನೆಯಲ್ಲಿ ಶಹಾಬಾದಿಗೆ ಕೊಟ್ಟಿದ್ದ ಮಗಳು ರಾಜೇಶ್ವರಿ ಅಪ್ಪನ ಧೋತರಗಳನ್ನು ಗಂಟು ಕಟ್ಟುತ್ತಿದ್ದಳು. ತಾಯಿಯ ಕಡೆ ನೋಡದೆ ಹೇಳಿದಳು:

"ನಕ್ಷಾದಾಗ ಈ ಮನಿ ಮ್ಯಾಲ ನೀಲಿ ಅದ. ನಾನೇ ಕಣ್ಣಾರೆ ನೋಡೀನ್ರಿ, ಮೇ ತಿಂಗಳ ತಾರೀಖು ಅದ. ಗೊತ್ತಿದ್ದೂ ಅಪ್ಪನ್ನ ಬಿಟ್ಟು ಹೋಗ್ಯಾಳ ಇಕಿ."

"ಅವತ್ತು ಇರಲಿಲ್ರಿ ಸಾಹೇಬ್ರ," ಎಂದಳು ಚಂದಮ್ಮ. "ನೀಲಿ ಕಟ್ಟಿ ತನಕಷ್ಟೇ ಇತ್ತು. ಊರಾಗ ಯಾರೂ ನಂಬಲಿಕತ್ತಿಲ್ಲ. ಅವತ್ತು ನೋಡಿ ಹೇಳಿದವರೂ ಈಗ ನೆನಪಿಲ್ಲ ಅಂತಾರ. ಹೆತ್ತ ಮಗಳೂ ನಂಬವಲ್ಲಳು."

ಪ್ರಾಣೇಶ ಗೋಡೆಗೆ ಟೇಪು ಹಿಡಿದ, ಅಂಕಿ ಬರೆದುಕೊಂಡ, ಬಂದುಬಿಟ್ಟ. ಹೇಡಿತನವೆನ್ನದೆ ಇದಕ್ಕೆ ಬೇರೆ ಹೆಸರಿಲ್ಲ.

ಎಂಟು ದಿನ ಅವನು ಬುತ್ತಿ ಬಿಚ್ಚಲೇ ಇಲ್ಲ. ಒಂಬತ್ತನೆಯ ದಿನ ನರ್ಮದಾಳಿಗೆ ಎಲ್ಲ ಹೇಳಿದ. ಅವಳು, "ಕೆಲಸ ಹೋದ್ರ ಹೋಗಲಿ. ನನ್ನ ಪಗಾರ ಅದ. ಆಕಿ ಮಾತು ಸುಳ್ಳು ಮಾಡಿ ಕುಂತು ನೀವು ಉಣ್ಣೂದು ಬ್ಯಾಡ," ಎಂದಳು.

ಪೆನ್‌ಡ್ರೈವಿನ ಹಳೆಯ ಫೈಲಿನಿಂದ ನಕ್ಷೆ ತೆಗೆದು ಅಚ್ಚು ಹಾಕಿಸಿದ. ನಡೆದದ್ದನ್ನೆಲ್ಲ ಬರೆದು, ತನ್ನ ಸಹಿ ಹಾಕಿ, ಪಂಚಾಯಿತಿಗೊಂದು ಪ್ರತಿ ಕೊಟ್ಟ. ರಾಜೇಶ್ವರಿಗೆ ಫೋನು ಮಾಡಿ ಬರಹೇಳಿ, ತಾನೂ ಲ್ಯಾಪ್‌ಟಾಪು ಹಿಡಿದುಕೊಂಡು ಚಂದಮ್ಮನ ಮನೆಗೆ ಹೋದ.

ಎರಡೂ ನಕ್ಷೆಗಳನ್ನು ಚಾಪೆಯ ಮೇಲೆ ಹರಡಿ, "ಇದು ಅವತ್ತು ಗ್ವಾಡಿ ಮ್ಯಾಲ ಇದ್ದಿದ್ದು. ಇದು ಆಮ್ಯಾಲ ನಾನೇ ಬದಲು ಮಾಡಿದ್ದು. ನಿಮ್ಮ ತಾಯಿ ಹೇಳಿದ್ದು ಖರೇ ಅದ. ತಪ್ಪು ನಂದು," ಎಂದ. ಮೂರು ಗಂಟೆಯ ಕಥೆಯನ್ನೂ ಹೇಳಿದ.

ರಾಜೇಶ್ವರಿ ಹಳೆಯ ನಕ್ಷೆಯ ಮೇಲೆ ಬೆರಳಿಟ್ಟು ಕಟ್ಟೆಯನ್ನು ಹುಡುಕಿದಳು. ನೀಲಿ ಅಲ್ಲೇ ನಿಂತಿತ್ತು. "ಯವ್ವಾ" ಎಂದು ತಾಯಿಯ ಮಗ್ಗುಲಿಗೆ ಸರಿದು ಅವಳ ಕೈ ಹಿಡಿದು ಬಿಕ್ಕಿದಳು. ಚಂದಮ್ಮ ಅಳಲಿಲ್ಲ. ಲ್ಯಾಪ್‌ಟಾಪಿನ ಕಡೆ ನೋಡಿ ಕೇಳಿದಳು:

"ನೀರು ಎಷ್ಟೊತ್ತಿಗಿ ಬಂತು, ಅದರಾಗ ಅದ ಏನ್ರಿ?"

ಒಂದೇ ಏಟಿಗೆ ಬಂತು, ನಿಮ್ಮ ಯಜಮಾನರಿಗೆ ಗೊತ್ತೇ ಆಗಿಲ್ಲ ಎಂದುಬಿಡಬಹುದಿತ್ತು. ಆದರೆ ಒಮ್ಮೆ ನಡುವಿನ ಹೊತ್ತನ್ನು ಬಿಟ್ಟವನಿಗೆ ಮತ್ತೆ ಬಿಡುವ ಧೈರ್ಯ ಬರಲಿಲ್ಲ. ಫೈಲು ತೆರೆದ.

"ನಾಲ್ಕು ಹತ್ತಕ್ಕ ಹೊಸ್ತಿಲಾ ದಾಟೇದ್ರಿ."

"ಮುಂದ?"

"ನಾಲ್ಕು ಇಪ್ಪತ್ತಕ್ಕ ಒಂದು ಗೇಣು."

"ಆವಾಗ ನಾ ಮಾತ್ರಿ ತೊಗೊಂಡು ಬಸ್ ಸ್ಟ್ಯಾಂಡಿಗಿ ಬಂದಿದ್ದೆ," ಎಂದಳು ಚಂದಮ್ಮ. "ಮುಂದ?"

"ನಾಕೂವರಿಗಿ ಮೊಳಕಾಲು ಮಟ."

"ಒಂದು ಬಸ್ಸು ನಿಂತಿತ್ತು. ಭಾಳ ಗದ್ದಲ ಅದ ಅಂತ ಬಿಟ್ಟೆ. ಚಾ ಕುಡಕೋತ ಕುಂತೆ."

"ಸಾಕು ಬಿಡ್ರಿ ಸರ್," ಎಂದು ರಾಜೇಶ್ವರಿ ಲ್ಯಾಪ್‌ಟಾಪು ಮುಚ್ಚಲು ಹೋದಳು. ಚಂದಮ್ಮ ಮಗಳ ಕೈ ಸರಿಸಿದಳು.

"ನೀ ಸುಮ್ಮನಿರು," ಎಂದಳು. "ನಡುವ ಒಂದೂ ಬಿಡಬ್ಯಾಡ್ರಿ ಸಾಹೇಬ್ರ. ಮುಂದಿನ ಹತ್ತು ನಿಮಿಷದ್ದು ಹೇಳ್ರಿ."