ಗಾಜು ನೋಡುತ್ತಿದ್ದ ಮಾವ

ಅವರ ಎಡಗಣ್ಣಿನ ಸುತ್ತ ಸುಕ್ಕೋ ಸುಕ್ಕು. ಬಲಗಣ್ಣಿನ ಸುತ್ತ ಅದರ ಅರ್ಧವೂ ಇಲ್ಲ. ಮುಖದ ಎರಡು ಪಕ್ಕಕ್ಕೂ ಬೇರೆ ಬೇರೆ ವಯಸ್ಸೇನೋ ಅನ್ನಿಸುತ್ತಿತ್ತು. ನಲವತ್ತು ವರ್ಷಕ್ಕೂ ಮೇಲೆ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕ್ಯಾಮೆರಾದ ಕಿಂಡಿಗೆ ಕೊಟ್ಟವರಿಗೆ ಹಾಗಾಗುತ್ತದಂತೆ. ನಾನು ಮೊದಲ ಸಲ ಅವರ ಅಂಗಡಿಯ ಮೆಟ್ಟಿಲು ಹತ್ತಿದಾಗಲೂ ಆ ಎಡಗಣ್ಣು ಮುಚ್ಚಿತ್ತು. ಈ ಯಜಮಾನರು ನನಗೆ ಕಣ್ಣು ಹೊಡೆಯುತ್ತಿದ್ದಾರೆ ಎಂದುಕೊಂಡು ಅರ್ಧ ಮೆಟ್ಟಿಲಿನಿಂದಲೇ ವಾಪಸು ಹೊರಟಿದ್ದೆ. ಆಮೇಲೆ ನೋಡಿದರೆ ಅವರ ಕೈಯಲ್ಲೊಂದು ಲೆನ್ಸು, ಅದರ ಹಿಂದೆ ಪುಟ್ಟದೊಂದು ಟಾರ್ಚು. ಗಾಜಿನೊಳಗೆ ಬೂಷ್ಟು ಬೆಳೆದಿದೆಯೋ ಎಂದು ನೋಡುತ್ತಿದ್ದರು.

ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಮಗ್ಗುಲಿಗೆ ಅವರ ಅಂಗಡಿ. ಒಂದು ಕಾಲಕ್ಕೆ ಅದು ಸ್ಟುಡಿಯೋ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಫೋಟೊ ತೆಗೆಸುವವರು ಕಮ್ಮಿಯಾಗಿ, ಅವರು ಕ್ಯಾಮೆರಾ ರಿಪೇರಿಗೂ ಹಳೆಯ ಲೆನ್ಸುಗಳ ವ್ಯಾಪಾರಕ್ಕೂ ಇಳಿದರು. ವಯನಾಡಿನಿಂದ ಗಿರಾಕಿಗಳು ಬಂದರೆ ಅವರದೇ ಮಲಯಾಳದಲ್ಲಿ ಬೈಯುತ್ತಿದ್ದರು. ಅಲ್ಲಿನ ಮಳೆ ತಿಂದ ಲೆನ್ಸುಗಳಲ್ಲಿ ಬೂಷ್ಟು ಜಾಸ್ತಿ. ಊರಿನವರಿಗೆ ಅವರು ಸ್ಟುಡಿಯೋದವರು. ನನಗೆ ಎರಡನೇ ಭೇಟಿಗೇ ಮಾವ ಆಗಿಬಿಟ್ಟರು.

ನಾನು ಚಾಮರಾಜನಗರದವಳು. ಸಂತೆಮರಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಲವತ್ತು ದಾಟಿದ ಮೇಲೆ ಕ್ಯಾಮೆರಾ ಹುಚ್ಚು ಹಿಡಿಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಯಜಮಾನರು ಅಂದರು. ಅಂದ ಬಾಯಲ್ಲೇ ಈ ಅಂಗಡಿಯ ದಾರಿಯನ್ನೂ ಹೇಳಿದರು. ಅವರು ಯಾವಾಗಲೂ ಹಾಗೇ.

ಬಂಡೀಪುರದಲ್ಲಿ ಜೀಪಿನ ಮೇಲೆ ಕೂತವರು ಹಿಡಿದಿರುತ್ತಾರಲ್ಲ, ತೋಳುದ್ದದ ಲೆನ್ಸು, ಅದು ಬೇಕು ಎಂದೆ. ಏನು ತೆಗೆಯುತ್ತೀಯ ಎಂದು ಮಾವ ಕೇಳಿದರು. ಹುಲಿ ಎಂದೆ. ಹುಲಿಯನ್ನು ಎಷ್ಟು ಸಲ ನೋಡಿದ್ದೀಯ ಎಂದರು. ಒಂದು ಸಲವೂ ಇಲ್ಲ. ಹಾಗಾದರೆ ದಿನಾ ಏನು ನೋಡುತ್ತೀಯ ಎಂದರು. ಬಸ್ಸು, ಮಕ್ಕಳು, ಕೆರೆ ಏರಿ ಮೇಲಿನ ಬೆಳ್ಳಕ್ಕಿ, ಸಂತೆ ಎಂದು ತಡವರಿಸಿದೆ. ಅವರು ನಗಲಿಲ್ಲ. ಒಳಗೆ ಹೋಗಿ ಒಂದು ಬಟ್ಟೆ ಚೀಲದಲ್ಲಿ ಎರಡು ಕೇಜಿ ರಾಗಿ ಹಿಟ್ಟು ತುಂಬಿ, ಹಳೆಯ ಕ್ಯಾಮೆರಾ ಬೆಲ್ಟಿಗೆ ಕಟ್ಟಿ ತಂದರು.

"ಆ ಲೆನ್ಸು ಇಷ್ಟೇ ತೂಕ ಇರ್ತದೆ. ಕತ್ತಿಗ್ ನೇತಾಕ್ಕಂಡು ನಿಮ್ ಸಂತೆ ಒಂದು ಸುತ್ತು ಬಾರವ್ವ. ಆಮೇಲೂ ಬೇಕು ಅಂದ್ರೆ ನಾನೇ ತರಿಸ್ಕೊಡ್ತೀನಿ."

ಇದು ಅವರ ಪದ್ಧತಿ. ದೊಡ್ಡ ಲೆನ್ಸು ಕೇಳಿದ ಯಾರಿಗೇ ಆಗಲಿ ಮೊದಲು ರಾಗಿ ಹಿಟ್ಟು. ನಾನೂ ಹಟಕ್ಕೆ ಬಿದ್ದು ಸಂತೆಯ ದಿನ ಆ ಚೀಲವನ್ನು ಕೊರಳಿಗೆ ಹಾಕಿಕೊಂಡು ಹೊರಟೆ. ತರಕಾರಿ ಸಾಲು ಮುಗಿಯುವ ಹೊತ್ತಿಗೆ ಕತ್ತು ಬಿಗಿಯಿತು. ಮೆಣಸಿನಕಾಯಿ ಸಾಲಿನಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ ಸಿಕ್ಕಿ, ನನ್ನನ್ನು ಮೇಲೆ ಕೆಳಗೆ ನೋಡಿ, "ಇದು ಯಾವ ದೇವ್ರ ಅರಕೆ ಟೀಚರೆ?" ಎಂದು ಭಕ್ತಿಯಿಂದ ಕೇಳಿದಳು. ಹುಲಿಯ ಆಸೆ ಅಲ್ಲಿಗೆ ಮುಗಿಯಿತು. ಮುಂದಿನ ಶನಿವಾರ ಹಿಟ್ಟು ವಾಪಸು ಕೊಟ್ಟು, ಕೈಗೆ ಹಗುರವಾಗುವ ಹಳೆಯದೊಂದು ಲೆನ್ಸು ತಂದೆ. ಒಂದು ವರ್ಷ ಇದೊಂದರಲ್ಲೇ ತೆಗೆಯಬೇಕು, ಇನ್ನೊಂದು ಕೇಳಲು ಬಂದರೆ ಬಾಗಿಲು ಹಾಕುತ್ತೇನೆ ಎಂದು ಹೆದರಿಸಿದ್ದರು.

ಕಲಿತದ್ದೆಲ್ಲ ಆ ಒಂದು ವರ್ಷದಲ್ಲೇ. ಮಿಕ್ಕವರು ಕ್ಯಾಮೆರಾ ಯಾವುದು ಹೊಸದು ಎಂದು ಕೇಳಿಕೊಂಡು ಬಂದರೆ ಮಾವ ಗಾಜಿನ ಮಾತು ಆಡುತ್ತಿದ್ದರು. "ಕ್ಯಾಮೆರಾ ಬಾಡಿ ಎತ್ತು ಇದ್ದಂಗೆ, ಮುದಿಯಾಯ್ತದೆ. ಗಾಜು ಒಲ ಇದ್ದಂಗೆ ಕಣವ್ವ, ಮಕ್ಕಳ ಕಾಲಕ್ಕೂ ಉಳೀತದೆ" ಎನ್ನುವರು. ಹೊಲ ಕೊಳ್ಳುವವರು ಮಣ್ಣು ಮುಟ್ಟಿ ನೋಡುವ ಹಾಗೆ ಅವರು ಪ್ರತಿ ಲೆನ್ಸಿಗೂ ಟಾರ್ಚು ಬಿಟ್ಟು ನೋಡುತ್ತಿದ್ದರು. ಸ್ವಚ್ಛ ಎಂದರೆ ಸ್ವಚ್ಛ, ಬೂಷ್ಟು ಎಂದರೆ ಬೂಷ್ಟು. ಆ ಮಾತಿನ ಮೇಲೆ ಇಡೀ ತಾಲ್ಲೂಕಿನಲ್ಲಿ ಯಾರೂ ಇನ್ನೊಂದು ಮಾತು ಆಡುತ್ತಿರಲಿಲ್ಲ.

ಮೂರನೆಯ ವರ್ಷ ಮಳೆಗಾಲ ಕಳೆದ ಮೇಲೆ ನನ್ನ ಲೆನ್ಸನ್ನು ಸುಮ್ಮನೆ ತೋರಿಸಲು ಕೊಟ್ಟೆ. ಮಾವ ಎಡಗಣ್ಣು ಮುಚ್ಚಿದರು, ಟಾರ್ಚು ಬಿಟ್ಟರು, ತುಂಬ ಹೊತ್ತು ನೋಡಿದರು. ಬೂಷ್ಟು ಬಂದಿದೆ, ಒಳಗೆಲ್ಲ ಮಬ್ಬು, ಇನ್ನು ಇದರ ಆಸೆ ಬಿಡು ಎಂದರು. ಮನೆಗೆ ಬಂದು, ಅಡಿಗೆಮನೆ ಪಕ್ಕದ ಬೀರುವಿನಲ್ಲಿ ಲೆನ್ಸು ಇಟ್ಟವರು ನೀವೇ ಎಂದು ಯಜಮಾನರ ಮೇಲೆ ಹಾರಾಡಿದೆ. ಪಾಪ, ಅವರು ಎದ್ದು ಬೀರು ಒರೆಸತೊಡಗಿದರು. ಮಾವನ ಮಾತಿಗೆ ಅಪ್ಪೀಲು ಇಲ್ಲವೆಂದು ಗೊತ್ತಿದ್ದರೂ ಮನಸ್ಸು ಕೇಳದೆ ಮೈಸೂರಿಗೆ ಒಯ್ದು ಒಂದು ರಿಪೇರಿ ಅಂಗಡಿಯಲ್ಲಿ ತೋರಿಸಿದೆ. ಅಲ್ಲಿದ್ದವನು ಎರಡೆರಡು ಸಲ ನೋಡಿ, ಏನೂ ಇಲ್ಲ ಮೇಡಂ, ತಿಳಿನೀರಿನ ಹಾಗಿದೆ ಎಂದ.

ಸಿಟ್ಟು ನೆತ್ತಿಗೇರಿತು. ದಬಾಯಿಸಲೇಬೇಕೆಂದು ಶನಿವಾರ ಗುಂಡ್ಲುಪೇಟೆಗೆ ಹೋದೆ. ಅಂಗಡಿಯಲ್ಲಿ ಆಗಲೇ ಒಬ್ಬ ಗಿರಾಕಿ ಕೂತಿದ್ದ. ಅವನು ತರಿಸಿದ ಹೊಚ್ಚ ಹೊಸ ಲೆನ್ಸಿನ ಡಬ್ಬಿಯನ್ನು ನನ್ನ ಕಣ್ಣೆದುರೇ ಒಡೆದರು. ಮಾವ ಟಾರ್ಚು ಬಿಟ್ಟು ನೋಡಿ ತಲೆ ಅಲ್ಲಾಡಿಸಿದರು. ಇದಕ್ಕೂ ಬಂದಿದೆ, ಹೊಸದರಲ್ಲೇ ಬೂಷ್ಟು ಕಳಿಸುತ್ತಾರೆ, ವಾಪಸು ಹಾಕು ಎಂದರು. ಹೊಸ ಲೆನ್ಸಿಗೆ ಬೂಷ್ಟು ಹೇಗೆ ಬರುತ್ತದೆ? ಆ ಗಿರಾಕಿ ಅದನ್ನೇ ನಂಬಿ ಡಬ್ಬಿ ಮುಚ್ಚಿಕೊಂಡು ಹೋದ. ಮಾವ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರವನ್ನು ಕೂತಲ್ಲಿಂದಲೇ ಓದಿ, ಸೋಮವಾರ ರಜೆ ಕಣವ್ವ ನಿಮಗೆ ಎಂದರು.

ಆಗ ನನಗೆ ಹೊಳೆಯಿತು. ಎರಡೂ ಕಣ್ಣು ತೆರೆದಿದ್ದಾಗ ಅವರಿಗೆ ಎಲ್ಲವೂ ಸರಿಯಾಗಿ ಕಾಣುತ್ತಿತ್ತು, ಎಡಗಣ್ಣು ಕೆಲಸ ನಡೆಸುತ್ತಿತ್ತು. ಲೆನ್ಸು ನೋಡುವಾಗ ಮಾತ್ರ ಅದನ್ನು ಮುಚ್ಚುತ್ತಿದ್ದರು. ಪೊರೆ ಬಂದದ್ದು ಬಲಗಣ್ಣಿಗೆ. ವರ್ಷಾ ವರ್ಷಾ ಹತ್ತನೇ ಕ್ಲಾಸಿಗೆ ಕಣ್ಣಿನ ಪೊರೆಯ ಪಾಠ ಮಾಡುವವಳು ನಾನು, ಎದುರಿಗೆ ಕೂತ ಮನುಷ್ಯನದು ನನಗೆ ಗೊತ್ತಾಗಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ದಬಾಯಿಸಲು ಹೋದವಳು ಕಾಫಿ ಕುಡಿದು ವಾಪಸು ಬಂದೆ. ಒಂದು ವಾರ ಸಂಕಟಪಟ್ಟೆ. ಆ ಮನುಷ್ಯನ ಹತ್ತಿರ ಇದ್ದದ್ದು ಅದೊಂದು ಮಾತು. ನಿಮ್ಮ ಮಾತು ಸುಳ್ಳಾಗಿದೆ ಎಂದು ಹೇಳಿದರೆ ಅವರಿಗೆ ಇನ್ನೇನು ಉಳಿಯುತ್ತದೆ? ಹೇಳದಿದ್ದರೆ ಇನ್ನೆಷ್ಟು ಜನ ಒಳ್ಳೆಯ ಲೆನ್ಸನ್ನು ಮೂಲೆಗೆ ಎಸೆಯುತ್ತಾರೋ. ನಮ್ಮ ಯಜಮಾನರನ್ನು ಕೇಳಿದೆ. ಅವರ ಜಾಗದಲ್ಲಿ ನಾನಿದ್ದರೆ ನೀನು ಒಂದು ನಿಮಿಷವೂ ತಡೆಯುತ್ತಿರಲಿಲ್ಲ ಎಂದರು. ಅದೂ ನಿಜವೇ.

ಮುಂದಿನ ಶನಿವಾರ ಅಂಗಡಿಯಲ್ಲಿ ಮಾವ, ಅವರ ಹೆಂಡತಿ ಇಬ್ಬರೇ ಇದ್ದರು. ಅತ್ತೆ ಕಾಫಿ ತಂದಿಟ್ಟಿದ್ದರು. ನಾನು ನನ್ನ ಲೆನ್ಸು ಕೊಟ್ಟು, ಮಾವ, ಒಂದು ಸಲ ಎಡಗಣ್ಣಲ್ಲಿ ನೋಡಿ ಎಂದೆ. ಅವರಿಗೆ ಬಲಗಣ್ಣೊಂದನ್ನೇ ಮುಚ್ಚಲು ಬರಲೇ ಇಲ್ಲ. ಅಷ್ಟು ವರ್ಷದ ಅಭ್ಯಾಸ, ರೆಪ್ಪೆ ಪಟಪಟ ಬಡಿಯಿತೇ ಹೊರತು ಮುಚ್ಚಲಿಲ್ಲ. ಅತ್ತೆ ನಕ್ಕುಬಿಟ್ಟರು. ನಾನೇ ಎದ್ದು ಹೋಗಿ ಅವರ ಬಲಗಣ್ಣಿನ ಮೇಲೆ ಅಂಗೈ ಇಟ್ಟೆ.

ಟಾರ್ಚು ಲೆನ್ಸಿನ ಹಿಂದೆ ನಿಂತಿತು. ಸ್ವಚ್ಛ ಅದೆ, ಎಂದರು ಮೆಲ್ಲಗೆ. ನನ್ನ ಕೈ ತೆಗೆದು, ತಮ್ಮದೇ ಕೈಯಿಂದ ಒಂದು ಸಲ ಈ ಕಣ್ಣು, ಒಂದು ಸಲ ಆ ಕಣ್ಣು ಮುಚ್ಚಿ ಟ್ಯೂಬ್‌ಲೈಟು ನೋಡಿದರು, ಬೀದಿ ನೋಡಿದರು, ಅತ್ತೆಯ ಮುಖ ನೋಡಿದರು. ಅತ್ತೆಯ ನಗು ನಿಂತಿತು.

"ಬೂಷ್ಟು ಇಡ್ದಿರೋದು ನಂಗೇ ಕಣವ್ವ," ಎಂದರು. "ಎತ್ತಿಗೆ ಜ್ವರ, ಎಮ್ಮೆಗೆ ಬರೆ ಎಳ್ದ್‌ಬುಟ್ಟೆ."

ಇದು ಆಪರೇಷನ್ನಿನಲ್ಲಿ ಸರಿಹೋಗುತ್ತದೆ, ಹೆದರಬೇಡಿ ಎಂದು ನಾನು ಟೀಚರಿಕೆ ಶುರು ಮಾಡಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಬೆರಳು ಮಡಚಿ ಎಣಿಸುತ್ತಿದ್ದರು. ಯುಗಾದಿಯಿಂದ ಈಚೆಗೆ ಯಾರ ಯಾರ ಲೆನ್ಸಿಗೆ ಬೂಷ್ಟು ಎಂದಿದ್ದೇನೆ ಎಂದು ಲೆಕ್ಕ ಹಾಕಿದರು. ಆರು ಜನ. ಮೊದಲು ಅವರ ಮನೆಗಳಿಗೆ ಹೋಗಬೇಕು, ಕಣ್ಣು ಆಮೇಲೆ ಎಂದರು. ಫೋನು ಮಾಡಿ ಹೇಳಬಹುದಲ್ಲ ಎಂದರು ಅತ್ತೆ.

"ಅವ್ರು ನನ್ ಮುಂದೆ ಕೂತ್ಕಂಡು ಕೇಳವ್ರೆ. ನಾನೂ ಅವ್ರ ಮುಂದೆ ಕೂತ್ಕಂಡೇ ನಿಜ ಏಳ್ಬೇಕು."

ನಾಲ್ಕು ಜನರನ್ನು ಆ ವಾರವೇ ಬಸ್ಸಿನಲ್ಲಿ ಓಡಾಡಿ ಮುಗಿಸಿದರು. ಹೊಸ ಲೆನ್ಸು ವಾಪಸು ಹಾಕಿದವನೂ ಅದರಲ್ಲಿ ಒಬ್ಬ. ಐದನೆಯವಳು ನಾನೇ ಅಲ್ಲವೇ ಎಂದರೆ, ನಿನಗೂ ಹೇಳಬೇಕು ಎಂದು ನನ್ನೆದುರು ಕೂತು ನೆಟ್ಟಗೆ ಹೇಳಿದರು. ಆ ನಾಲ್ವರಲ್ಲೇ ಭೀಮನಬೀಡಿನಲ್ಲಿ ಚೆಂಡು ಹೂ ಬೆಳೆಯುವ ಇನ್ನೊಬ್ಬರು ಲೆನ್ಸನ್ನು ಹೆಂಡತಿಯ ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರಂತೆ. ಸುದ್ದಿ ಕೇಳಿ ನಕ್ಕು, ಒಂದು ಮೊರ ಹೂವು ಕೊಟ್ಟು ಕಳಿಸಿದ್ದರು.

ಉಳಿದ ಆರನೆಯವನು ಪುಣಜನೂರಿನವನು, ಕಾಡಿನಲ್ಲಿ ವಾಚರ್ ಕೆಲಸ. ಹಕ್ಕಿಗಳ ಫೋಟೊ ತೆಗೆಯುವ ಆಸೆಯಿಂದ ವರ್ಷಗಟ್ಟಲೆ ಕೂಡಿಟ್ಟು ಒಂದು ಲೆನ್ಸು ಕೊಂಡಿದ್ದ. ಮಾವ ಚಾಮರಾಜನಗರದವರೆಗೆ ಬಸ್ಸಿನಲ್ಲಿ ಬಂದರು, ಅಲ್ಲಿಂದ ನನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಜಗಲಿಯ ಮೇಲೆ ಅವನೆದುರು ಕೂತು ಮಾವ ಎಲ್ಲವನ್ನೂ ಹೇಳಿದರು. ಅವನು ಎದ್ದು ಒಳಗೆ ಹೋಗಿ ಒಂದು ಸ್ಟೀಲ್ ತಟ್ಟೆ ತಂದು ಮುಂದಿಟ್ಟ. ತಟ್ಟೆಯ ತುಂಬ ಬಿಚ್ಚಿದ ಗಾಜು, ಬಳೆಯಂಥ ರಿಂಗುಗಳು, ಸಣ್ಣ ಸಣ್ಣ ಸ್ಕ್ರೂ. ಹೇಗೂ ಹಾಳಾಗಿದೆಯಲ್ಲ ಎಂದು ಮೊಬೈಲಿನಲ್ಲಿ ವಿಡಿಯೊ ನೋಡಿ ತಾನೇ ಬಿಚ್ಚಿ, ಇಲ್ಲದ ಬೂಷ್ಟನ್ನು ಟೂತ್‌ಪೇಸ್ಟು ಹಾಕಿ ಉಜ್ಜಿದ್ದ. ಗಾಜಿನ ಮೈಯೆಲ್ಲ ಗೀರು.

ಅವನಿಗೆ ಸಿಟ್ಟು ಬರಲಿಲ್ಲ. ಬುಡಿ, ನೀವೇನು ಬೇಕಂತ ಏಳುದ್ರಾ ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು. ಮಾವ ಆ ಗಾಜುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಮತ್ತೆ ತಟ್ಟೆಯಲ್ಲಿಟ್ಟರು. ಆಮೇಲೆ ಹೆಗಲ ಚೀಲದಿಂದ ತಮ್ಮದೇ ಲೆನ್ಸನ್ನು ತೆಗೆದರು. ಅದನ್ನು ನಾನು ಬಲ್ಲೆ. ಊರಿನ ಅರ್ಧ ಜನರ ಮದುವೆಯ ಮುಖ ಅದರೊಳಗೆ ಹಾದು ಹೋಗಿತ್ತು. ನನಗೆ ಒಂದು ಸಲವೂ ಮುಟ್ಟಲು ಕೊಟ್ಟಿರಲಿಲ್ಲ. ಇದು ಹಕ್ಕಿಗೆ ಸಾಲದು, ಮನುಷ್ಯರಿಗೆ ಆಗುತ್ತದೆ, ನಿನ್ನ ಕ್ಯಾಮೆರಾಕ್ಕೆ ಕೂರುತ್ತದೆ ಎಂದರು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡು ಬೇಡವೇ ಬೇಡ ಎಂದ.

"ಸ್ಟುಡಿಯೋದವ್ರನ್ನ ನಂಬಿ ಕೆಟ್ಟೆ ಅಂತ ನೀನು ಅನ್ನಬಾರ್ದು ಕಣ್ಲಾ," ಎಂದರು ಮಾವ. "ಮಡೀಕೊ."

ವಾಪಸು ಬರುವಾಗ ನನಗೆ ಅಳು ಬಂತು, ಹೆಲ್ಮೆಟ್ಟಿನೊಳಗೇ ಅತ್ತುಬಿಟ್ಟೆ. ಶಾಲೆಯಲ್ಲಿ ನಾನು ಬೋರ್ಡಿನ ಮೇಲೆ ತಪ್ಪು ಬರೆದಾಗ ಮಕ್ಕಳು ನೋಡುವ ಮುಂಚೆ ಒರೆಸಿಬಿಡುವವಳು. ಈ ಮನುಷ್ಯ ತಮ್ಮ ತಪ್ಪನ್ನು ಹೊತ್ತುಕೊಂಡು ಮನೆ ಮನೆಗೆ ಹೋಗಿ ತೋರಿಸಿ ಬಂದರು. ಅಂಥವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ.

ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾ ಹೀರೋ ಹಾಗೆ ಅಂಗಡಿಯಲ್ಲಿ ಕೂತರು. ಮೊದಲು ತರಿಸಿಕೊಂಡದ್ದು ನನ್ನ ಲೆನ್ಸನ್ನೇ. ನೋಡಿದವರೇ, ಅಂಚಿನಲ್ಲಿ ಒಂದು ಚುಕ್ಕೆ ಬೂಷ್ಟು ಇದೆ ಎಂದರು. ಸಾಕು ಮಾವ ಎಂದೆ. ಟಾರ್ಚು ನನ್ನ ಕೈಗೆ ಕೊಟ್ಟರು. ನೋಡಿದೆ. ಸಾಸಿವೆಯಷ್ಟು ಇತ್ತು, ಮೈಸೂರಿನವನಿಗೂ ಕಂಡಿರಲಿಲ್ಲ. ಅಲ್ಲಿಂದ ಮುಂದೆ ಅಂಗಡಿಯಲ್ಲಿ ಅದೇ ಕಾನೂನು. ಟಾರ್ಚು ಗಿರಾಕಿಯ ಕೈಗೆ. ಒಂದು ಕಣ್ಣಲ್ಲಿ ನೋಡು, ಇನ್ನೊಂದು ಕಣ್ಣಲ್ಲೂ ನೋಡು, ಆಮೇಲೆ ನಾನು ಹೇಳುತ್ತೇನೆ ಎನ್ನುವರು. ಅವರ ಮಾತಿನ ಬೆಲೆ ಕಮ್ಮಿಯಾಗುತ್ತದೆಂದು ನಾನು ಹೆದರಿದ್ದೆ. ಮೈಸೂರಿನಿಂದಲೂ ಜನ ಲೆನ್ಸು ಹಿಡಿದುಕೊಂಡು ಬರತೊಡಗಿದರು.

ಹೋದ ವರ್ಷ ಕಾರ್ತಿಕದಲ್ಲಿ, ಬೆಳಗಿನ ಪೂಜೆ ಮುಗಿಸಿ ಅಂಗಡಿ ಬೀಗ ತೆಗೆಯಲು ಹೊರಟವರು ಹಾಗೇ ಕುಸಿದು, ಹೋಗಿಯೇಬಿಟ್ಟರಂತೆ. ನಾನು ಹೋಗುವಷ್ಟರಲ್ಲಿ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಅವರ ಎರಡೂ ಕಣ್ಣು ಒಟ್ಟಿಗೆ ಮುಚ್ಚಿದ್ದನ್ನು ನಾನು ಕಂಡದ್ದು ಅವತ್ತೇ.

ಮಾವನ ಶಿವಗಣಾರಾಧನೆಯ ದಿನ ಪುಣಜನೂರಿನವನು ಬಂದ. ಊಟ ಮುಗಿದು ಜನ ಕರಗಿದ ಮೇಲೆ ಕ್ಯಾಮೆರಾದಿಂದ ಆ ಲೆನ್ಸನ್ನು ಬಿಚ್ಚಿ, ಟವೆಲಿನಲ್ಲಿ ಇಟ್ಟು ಅತ್ತೆಯ ಮುಂದೆ ಹಿಡಿದ. ಅವರದು ಅವರ ಮನೆಯಲ್ಲೇ ಇರಲಿ ಎಂದ. ಅತ್ತೆ ಅದನ್ನು ಕೈಗೆ ತೆಗೆದುಕೊಂಡರು, ಸೆರಗಿನಿಂದ ಒರೆಸಿದರು, ಒರೆಸಿ ಅವನಿಗೇ ಕೊಟ್ಟರು.

"ಅದು ಅವ್ರ ಮಾತು ಕಣಪ್ಪ. ಕೊಟ್ಟ್ ಮಾತ ವಾಪಸ್ ತರಬ್ಯಾಡ."

ಅವನು ಆಮೇಲೆ ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸಿ, ಒಂದು ಫೋಟೊ ತೆಗೆಯಲಾ ಅವ್ವ ಎಂದು ಕೇಳಿದ. ಅತ್ತೆ ಬಾಗಿಲ ಬೆಳಕಿಗೆ ಬಂದು ಕೂತರು. ಅವನು ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಒಂದು ಸಲ ನೋಡಿದ. ಕ್ಯಾಮೆರಾವನ್ನು ಇನ್ನೊಂದು ಕಣ್ಣಿಗೆ ಬದಲಾಯಿಸಿಕೊಂಡು ಮತ್ತೊಂದು ಸಲ ನೋಡಿದ. ಅದಾದ ಮೇಲೆ ಬಟನ್ನು ಒತ್ತಿದ.