ಘಾಟಿನ ಊರಿನ ಹೆಣ್ಣುಮಗಳು

ಪಕ್ಕದ ಮನೆಯ ಹೆಂಗಸರೆಲ್ಲ ಮೂಗಿಗೆ ಸೆರಗು ಒತ್ತಿಕೊಂಡು, ಕೆಮ್ಮುತ್ತ ಅಂಗಳದ ಬಿಸಿಲಿಗೆ ಓಡಿಬಂದರು. ನಾನು ಅದೇ ಹೊಗೆಯೊಳಗೆ ನುಗ್ಗಿದೆ.

ಅದು ಹೊನ್ನಾವರದ ಮೀನುಗಾರರ ಕೇರಿ. ಮಗಳ ಬಯಕೆ ಊಟಕ್ಕೆಂದು ಆ ಮನೆಯೊಡತಿ ನಾಗವೇಣಿ ದೊಡ್ಡ ಬಾಣಲೆಯಲ್ಲಿ ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಇಲ್ಲಿನ ಶಾಲೆಗೆ ವರ್ಗವಾಗಿ ಬಂದ ನಾನು ಮೀನು ತಿನ್ನದವಳು. ನನಗೆ ಮುಜುಗರವಾದೀತೆಂದು ಕೇರಿಯವರು ಅಂಗಳದಲ್ಲೇ ಮಾತಾಡಿಸಿ ಕಳಿಸುತ್ತಿದ್ದರು.

“ಅಕ್ಕೋರೆ, ಒಳಗೆ ಬರ್ಬೇಡಿ, ಘಾಟು!” ನಾಗವೇಣಿ ಕಣ್ಣೊರೆಸಿಕೊಳ್ಳುತ್ತ ಕೂಗಿದಳು.

“ನಾ ಬ್ಯಾಡಗಿ ಹೆಣ್ಮಗಳ್ರಿ. ಈ ಘಾಟಿನಾಗ ಹುಟ್ಟಿ ಬೆಳದೇನಿ, ಕೊಡ್ರಿ ಇಲ್ಲೆ,” ಎಂದು ಸೌಟು ಕಸಿದುಕೊಂಡೆ.

ನನಗೆ ಒಂದು ಸೀನೂ ಬರಲಿಲ್ಲ. ಕೆಂಪು ಕಪ್ಪಾಗದಂತೆ ಹುರಿದು ಇಳಿಸುವವರೆಗೆ ಹೆಂಗಸರು ಬಾಗಿಲಲ್ಲಿ ಬಾಯಿಬಿಟ್ಟು ನಿಂತಿದ್ದರು. ನಾಗವೇಣಿ ಅವರತ್ತ ತಿರುಗಿ, “ನಮ್ಮ ಸಾರಿನ ಬಣ್ಣ ಇವರ ಊರಿಂದೇ ಬರೂದು” ಎಂದಳು, ನನ್ನನ್ನು ತಾನೇ ಸಾಕಿ ಬೆಳೆಸಿದವಳಂತೆ.

ಈಗ ಆ ಮನೆಯಲ್ಲಿ ಸಾರು ಕುದಿದಾಗ, ಮೀನು ಹಾಕುವ ಮುಂಚೆ ಒಂದು ಬಟ್ಟಲು ನನಗೆಂದು ತೆಗೆದಿಡುತ್ತಾರೆ. ಅದನ್ನು ನಾನು ಉಣ್ಣುವುದು ಅಂಗಳದಲ್ಲಲ್ಲ, ಒಲೆಯ ಪಕ್ಕದಲ್ಲಿ.